ಮರದ ಮೇಲೆ ಮೆಷಿನ್ ಕಾಲಿಗೆ ತಾಗಿದರೆ: ಮೊದಲ ಐದು ನಿಮಿಷ

ಪ್ರಶ್ನೆ: ಬೆಂಗಳೂರಿನಲ್ಲಿ 14 ವರ್ಷದಿಂದ ಮರ ಕಡಿಯುವ, ಕೊಂಬೆ ಸವರುವ ಕೆಲಸ ಮಾಡಿಸುತ್ತಿದ್ದೇನೆ. ನಮ್ಮ ತಂಡದಲ್ಲಿ ಐದು ಜನ. ಕಳೆದ ತಿಂಗಳು ಗಾಳಿಮಳೆಗೆ ಸೀಳಿದ್ದ ಗುಲ್‌ಮೊಹರ್ ಕೊಂಬೆ ತೆಗೆಯುವಾಗ ನಮ್ಮ ಹುಡುಗನ ಎಡ ತೊಡೆಗೆ ಮರ ಕೊಯ್ಯುವ ಚೈನ್ ಮೆಷಿನ್ ತಾಗಿತು. ಅವನು ಸುಮಾರು ಇಪ್ಪತ್ತು ಅಡಿ ಮೇಲಿದ್ದ. ಹೇಗೋ ಇಳಿಸಿ ಟವೆಲ್ ಕಟ್ಟಿದೆವು. ರಕ್ತ ನಿಲ್ಲಲಿಲ್ಲ. ಮೇಲೆ ಬಿಗಿಯಾಗಿ ಕಟ್ಟೋಣ ಅಂದರೆ "ಕಾಲೇ ಹೋಗುತ್ತೆ" ಅಂತ ಒಬ್ಬರು ತಡೆದರು. ಎದುರು ಮನೆಯವರು ಕಾಫಿ ಪುಡಿ ತಂದುಕೊಟ್ಟರು. ಕೊನೆಗೆ ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ದೇವರ ದಯೆ, ಬದುಕಿದ. ನಾವು ಮಾಡಿದ್ದರಲ್ಲಿ ತಪ್ಪೇನು? ಪ್ರಥಮ ಚಿಕಿತ್ಸೆ ಬಾಕ್ಸ್‌ನಲ್ಲಿ ಏನೇನು ಇಟ್ಟುಕೊಳ್ಳಬೇಕು? ಅವನು ಮತ್ತೆ ಮರ ಹತ್ತಬಹುದಾ?

ಉತ್ತರ: ಮೇಸ್ತ್ರಿಗಳೇ, ಹುಡುಗ ಬದುಕಿದ್ದಾನೆ ಅಂತ ಓದಿ ನಿಟ್ಟುಸಿರು ಬಿಟ್ಟೆ. ನನ್ನ ಊಹೆ ಏನೆಂದರೆ, ಆಟೋದಲ್ಲಿ ಹೋಗುವಾಗ ನಿಮ್ಮಲ್ಲಿ ಯಾರೋ ಒಬ್ಬರು ಆ ಟವೆಲ್ ಮೇಲೆ ಕೈಯಿಟ್ಟು ದಾರಿಯುದ್ದಕ್ಕೂ ಬಿಡದೆ ಒತ್ತಿ ಹಿಡಿದಿರಬೇಕು. ಅದು ಯಾರು ಅಂತ ವಿಚಾರಿಸಿ. ಅವನ ಜೀವ ಉಳಿಸಿದ್ದು ಬಹುಶಃ ಆ ಕೈ.

ನಾನು ಈ ಊರಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿಮಳೆ ಶುರುವಾಯಿತು ಅಂದರೆ ಮರುದಿನ ಬೆಳಿಗ್ಗೆ ಮರದ ಕೆಲಸದವರು ಬರಬಹುದು ಅಂತ ನಮಗೆ ಗೊತ್ತು. ಒಮ್ಮೆ ಹೀಗೇ ಒಬ್ಬರನ್ನು ಕರೆತಂದರು. ತೊಡೆಗೆ ಮೂರು ಟವೆಲ್, ಅದರ ಮೇಲೆ ಒಂದು ಲುಂಗಿ ಸುತ್ತಿದ್ದರು. ಒಂದೊಂದೇ ಬಿಚ್ಚಿದೆ. ಪ್ರತಿಯೊಂದೂ ಒದ್ದೆ ಕಂಬಳಿಯ ಹಾಗೆ ಭಾರ. ಕೆಳಗೆ ಒಂದು ಗೇಣುದ್ದದ ಗಾಯ. ಅಂಚು ಹರಿದು ಚಿಂದಿಯಾಗಿತ್ತು. ಒಳಗೆ ಮರದ ಪುಡಿ, ಚೈನಿನ ಕಪ್ಪು ಎಣ್ಣೆ. ಅಷ್ಟು ದೊಡ್ಡ ಗಾಯದಲ್ಲಿ ರಕ್ತ ಚಿಮ್ಮುತ್ತಿದ್ದುದು ಒಂದೇ ಮೂಲೆಯಿಂದ. ಎದೆ ಬಡಿದಾಗೆಲ್ಲ ಒಂದು ಸಣ್ಣ ಎಳೆ ಮೇಲೆ ಹಾರುತ್ತಿತ್ತು. ಕೈಗವಸು ಹಾಕಿದ್ದ ತೋರುಬೆರಳನ್ನು ಆ ಜಾಗಕ್ಕೆ ಇಟ್ಟು ಒತ್ತಿದೆ. ನಿಂತಿತು. ಮೂರು ಟವೆಲ್ ಮಾಡಲಾಗದ್ದನ್ನು ಒಂದು ಬೆರಳು ಮಾಡಿತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಟವೆಲ್ ಸುತ್ತಿದರೆ ರಕ್ತ ಕಾಣುವುದಿಲ್ಲ, ಅಷ್ಟೇ. ಅದು ರಕ್ತವನ್ನು ಹೀರಿಕೊಳ್ಳುತ್ತದೆ, ತಡೆಯುವುದಿಲ್ಲ. ತಡೆಯುವುದು ಒತ್ತಡ. ಅದೂ ಸರಿಯಾದ ಜಾಗದ ಮೇಲೆ.

60 ಕೆಜಿ ತೂಕದ ಹುಡುಗನ ಮೈಯಲ್ಲಿ ನಾಲ್ಕು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ರಕ್ತ ಇರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಹೋದರೆ ಸ್ಥಿತಿ ಕೈಮೀರುತ್ತದೆ. ತೊಡೆಯೊಳಗಿನ ದೊಡ್ಡ ರಕ್ತನಾಳ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ. ಅದು ಪೂರ್ತಿ ತುಂಡಾದರೆ ಐದು ನಿಮಿಷದೊಳಗೆ ಜೀವ ಹೋಗಬಹುದು. ಈ ಊರಿನಲ್ಲಿ ಐದು ನಿಮಿಷಕ್ಕೆ ಆಂಬುಲೆನ್ಸ್ ಬರುತ್ತದೆ ಅಂತ ನಂಬಿ ಕೂರೋಕೆ ಆಗುತ್ತಾ? ಆದ್ದರಿಂದ ರಕ್ತ ನಿಲ್ಲಿಸುವ ಕೆಲಸ ಡಾಕ್ಟರದ್ದಲ್ಲ, ಮರದ ಬುಡದಲ್ಲಿ ಹಗ್ಗ ಹಿಡಿದು ನಿಂತವನದ್ದು. ನಿಲ್ಲಿಸಿ ಕಳಿಸಿದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಯಾವುದು ಜೀವ ತೆಗೆಯುವ ರಕ್ತ ಅಂತ ಹೇಗೆ ತಿಳಿಯುವುದು? ಚಿಮ್ಮುತ್ತಿದ್ದರೆ, ನಿಲ್ಲದೆ ಹರಿಯುತ್ತಿದ್ದರೆ, ನೆಲದಲ್ಲಿ ಮಡುಗಟ್ಟುತ್ತಿದ್ದರೆ, ಬಟ್ಟೆ ನೆನೆದು ತೊಟ್ಟಿಕ್ಕುತ್ತಿದ್ದರೆ ಅದು ಆ ಜಾತಿಯದ್ದೇ. ನಿಮ್ಮ ಕೆಲಸದಲ್ಲಿ ಒಂದು ಮೋಸ ಇದೆ. ಕಪ್ಪು ಪ್ಯಾಂಟ್, ಎಣ್ಣೆ ಕಲೆ, ಮಳೆ ನೀರು, ಇವೆಲ್ಲ ಸೇರಿ ರಕ್ತವನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಬಟ್ಟೆಯನ್ನು ಕತ್ತರಿಸಿ ನೋಡಲೇಬೇಕು. ಸಂಕೋಚ ಬೇಡ. ಪ್ಯಾಂಟ್ ಹೋದರೆ ಹೋಗಲಿ.

ಗಾಯ ಕಂಡ ಮೇಲೆ ಅವನನ್ನು ಗಟ್ಟಿ ನೆಲದ ಮೇಲೆ ಮಲಗಿಸಿ. ನಿಮ್ಮ ತೊಡೆ ಮೇಲೆ ಅವನ ತಲೆ ಇಟ್ಟುಕೊಂಡು ಕೂರಬೇಡಿ, ಕೆಳಗೆ ಗಟ್ಟಿ ನೆಲ ಇಲ್ಲದಿದ್ದರೆ ಒತ್ತಿದ ಬಲವೆಲ್ಲ ಸುಮ್ನೆ ವ್ಯರ್ಥ. ಕೈಗವಸು ಇದ್ದರೆ ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಸಾಕು. ಮೊಣಕೈ ಮಡಿಸದೆ, ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೈಭಾರ ಪೂರ್ತಿ ಹಾಕಿ ಒತ್ತಿ. ಗಾಯ ಆಳವಾಗಿದ್ದರೆ ಮೇಲೆ ಒತ್ತಿ ಪ್ರಯೋಜನ ಇಲ್ಲ. ಗಾಯಕ್ಕೆ ಇಡುವ ತೆಳು ಗಾಜ್ ಬಟ್ಟೆಯನ್ನು, ಅದಿಲ್ಲದಿದ್ದರೆ ತೊಳೆದ ಹತ್ತಿ ಬಟ್ಟೆಯನ್ನು, ಬೆರಳಿನಿಂದ ಗಾಯದೊಳಗೆ ತುರುಕಬೇಕು. ರಕ್ತ ಬರುವ ಮೂಲೆಗೇ ಮೊದಲು, ಮೂಳೆ ತಾಗುವವರೆಗೆ. ಒಂದು ಕೈ ಒಳಗೆ ಒತ್ತಿಕೊಂಡಿರುವಾಗ ಇನ್ನೊಂದು ಕೈ ಬಟ್ಟೆ ತುಂಬುತ್ತಾ ಹೋಗಬೇಕು, ಚೀಲಕ್ಕೆ ಹತ್ತಿ ತುಂಬಿದ ಹಾಗೆ. ಗಾಯ ತುಂಬಿ ಮೇಲೆ ಉಬ್ಬಿದ ಮೇಲೆ ಎರಡೂ ಕೈ ಇಟ್ಟು ಒತ್ತಿ. ಹತ್ತು ನಿಮಿಷ, ಗಡಿಯಾರ ನೋಡಿ. ನಿಂತಿತಾ ಅಂತ ನಡುವೆ ಎತ್ತಿ ನೋಡಬಾರದು. ನೋಡಿದಿರೋ, ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ.

ಅವನು ನೋವಿಗೆ ಕಿರುಚುತ್ತಾನೆ. ನಿಮ್ಮ ಕೈ ಸಡಿಲವಾಗುತ್ತದೆ. ನಾನು ತರಬೇತಿ ಕೊಡುವಾಗ ಎಲ್ಲರೂ ಸೋಲುವುದು ಇಲ್ಲೇ. ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ದಪ್ಪ ಬಾಳೆದಿಂಡು ತಂದು, ಮಚ್ಚಿನಿಂದ ಓರೆಯಾಗಿ ಮೂರು ಬೆರಳಾಳ ಕಡಿಯಿರಿ. ಆ ಸಂದಿಗೆ ಒಂದು ಗಾಜ್ ಸುರುಳಿ ಪೂರ್ತಿ ತುರುಕಿ ನೋಡಿ. ಇಷ್ಟು ಬಟ್ಟೆ ಹಿಡಿಸುತ್ತಾ ಅಂತ ಆಶ್ಚರ್ಯವಾಗುತ್ತದೆ. ನಿಮ್ಮ ಐದೂ ಜನ ತಲಾ ಎರಡು ಸಲ ಮಾಡಲಿ.

ತೊಡೆಸಂದು, ಕಂಕುಳು, ಹೆಗಲು, ಕುತ್ತಿಗೆಯ ಬುಡ, ಈ ಜಾಗಗಳಲ್ಲಿ ಮೇಲೆ ಕಟ್ಟೋಕೆ ಜಾಗವೇ ಇಲ್ಲ. ಅಲ್ಲಿ ತುಂಬಿ ಒತ್ತುವುದೊಂದೇ ದಾರಿ. ಕುತ್ತಿಗೆಯಾದರೆ ಉಸಿರ ಕೊಳವೆ ಮೇಲೆ ಒತ್ತದೆ, ಗಾಯ ಇರುವ ಬದಿಯಲ್ಲಿ ಮಾತ್ರ ಒತ್ತಿ. ಎದೆ, ಹೊಟ್ಟೆಯೊಳಗೆ ಬಟ್ಟೆ ತುರುಕಬಾರದು. ಕೊಂಬೆಯ ತುಂಡು ಚುಚ್ಚಿಕೊಂಡಿದ್ದರೆ ಕೀಳಬೇಡಿ. ಅಲ್ಲಾಡದಂತೆ ಸುತ್ತ ಬಟ್ಟೆ ಇಟ್ಟು ಹಾಗೇ ಕರೆತನ್ನಿ.

ಈಗ "ಕಾಲೇ ಹೋಗುತ್ತೆ" ಅನ್ನುವ ಮಾತಿಗೆ ಬರೋಣ.

ಗಾಯಕ್ಕಿಂತ ಮೇಲೆ ಸುತ್ತಿ, ಅದರಲ್ಲಿರುವ ಕಡ್ಡಿ ತಿರುಗಿಸಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿಗೆ ಟೂರ್ನಿಕೆಟ್ ಅನ್ನುತ್ತಾರೆ. ಅದರ ಬಗ್ಗೆ ಹೆದರಿಕೆ ನಮ್ಮ ಜನರಲ್ಲಷ್ಟೇ ಅಲ್ಲ, ಡಾಕ್ಟರುಗಳಲ್ಲೂ ಇತ್ತು. "ಇದು ಕೊನೆಯ ಉಪಾಯ, ಕಟ್ಟಿದರೂ ಆಗಾಗ ಸಡಿಲಿಸಿ" ಅಂತ ಹಳೆಯ ಪ್ರಥಮ ಚಿಕಿತ್ಸೆ ಪುಸ್ತಕಗಳಲ್ಲಿ ಇರುತ್ತಿತ್ತು. ಆ ಅಭಿಪ್ರಾಯ ಬದಲಾಗಿದ್ದು ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ. 2006ರಲ್ಲಿ ಬಾಗ್ದಾದ್‌ನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಟೂರ್ನಿಕೆಟ್ ಕಟ್ಟಿಸಿಕೊಂಡಿದ್ದ 232 ಗಾಯಾಳುಗಳನ್ನು ವೈದ್ಯರು ಗಮನಿಸಿದರು. ಟೂರ್ನಿಕೆಟ್ ಕಟ್ಟಿದ ಕಾರಣಕ್ಕೇ ಕೈಕಾಲು ಕಳೆದುಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಂದು ವಿಷಯವೂ ತಿಳಿಯಿತು. ನಾಡಿ ಕುಸಿಯುವ ಮೊದಲೇ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 90 ಜನ ಬದುಕಿದರು. ಕುಸಿದ ಮೇಲೆ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 10 ಜನ ಮಾತ್ರ. ಅಂದರೆ ಕೊನೆಯ ಉಪಾಯ ಅಂತ ಕಾಯುತ್ತಾ ಕೂತರೆ ಅದು ಕೆಲಸಕ್ಕೆ ಬರುವುದಿಲ್ಲ. ಕೈಯಿಂದಲೋ ಕಾಲಿಂದಲೋ ರಕ್ತ ಚಿಮ್ಮುತ್ತಿದ್ದರೆ ಮೊದಲೇ ಕಟ್ಟಬೇಕು.

ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಕಾಲಿಗೆ ಶಾಶ್ವತ ತೊಂದರೆಯಾಗುವುದು ಬಹಳ ಅಪರೂಪ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡರೂ ಎರಡು ಗಂಟೆಯಲ್ಲಿ ಯಾವುದಾದರೂ ದೊಡ್ಡ ಆಸ್ಪತ್ರೆ ಸಿಗುತ್ತದೆ, ಅಲ್ವಾ? ಹಾಗಾಗಿ ನಿಮ್ಮನ್ನು ತಡೆದವರ ಮೇಲೆ ಕೋಪ ಬೇಡ, ಅವರು ಕೇಳಿದ್ದನ್ನೇ ಹೇಳಿದರು. ಆದರೆ ಮುಂದಿನ ಸಲ ಆ ಮಾತು ಕೇಳಬೇಡಿ.

ಕಟ್ಟುವ ಕ್ರಮ ಹೀಗೆ. ಗಾಯದಿಂದ ಎರಡು ಮೂರು ಇಂಚು ಮೇಲೆ, ಮೈಯ ಕಡೆಗೆ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬೇಡ, ಅದಕ್ಕಿಂತ ಮೇಲೆ ಹೋಗಿ. ಗಾಯ ಎಲ್ಲಿದೆ ಅಂತ ಗೊತ್ತಾಗದಷ್ಟು ರಕ್ತ ಇದ್ದರೆ ಬಟ್ಟೆ ಮೇಲೆಯೇ ಆದಷ್ಟೂ ಮೇಲಕ್ಕೆ, ತೊಡೆಯ ಬುಡದಲ್ಲಿ ಕಟ್ಟಿ. ಜೇಬಿನಲ್ಲಿ ಫೋನು, ಕೀ ಇದ್ದರೆ ಮೊದಲು ತೆಗೆಯಿರಿ. ಪಟ್ಟಿಯನ್ನು ಕಡ್ಡಿ ತಿರುಗಿಸುವ ಮುನ್ನವೇ ಬೆರಳು ತೂರದಷ್ಟು ಎಳೆದು ಬಿಗಿಯಬೇಕು. ಆಮೇಲೆ ಕಡ್ಡಿ ತಿರುಗಿಸಿ, ರಕ್ತ ನಿಲ್ಲುವವರೆಗೆ. ಕಡಿಮೆಯಾದರೆ ಸಾಲದು, ನಿಲ್ಲಬೇಕು. ಅರ್ಧಂಬರ್ಧ ಬಿಗಿದರೆ ಪರಿಣಾಮ ತಿರುಗುಮುರುಗಾಗುತ್ತದೆ. ವಾಪಸ್ ಬರುವ ರಕ್ತಕ್ಕೆ ಮಾತ್ರ ತಡೆಯಾಗಿ, ಹೃದಯದಿಂದ ಹೋಗುವ ರಕ್ತ ಹೋಗುತ್ತಲೇ ಇರುತ್ತದೆ. ಗಾಯದಿಂದ ಸೋರುವುದು ಇನ್ನೂ ಜಾಸ್ತಿಯಾಗುತ್ತದೆ. ಒಂದು ಕಟ್ಟಿದ ಮೇಲೂ ನಿಲ್ಲದಿದ್ದರೆ ಅದನ್ನು ಬಿಚ್ಚದೆ ಅದರ ಮೇಲುಗಡೆ ಇನ್ನೊಂದು ಕಟ್ಟಿ.

ಇದರ ನೋವು ಗಾಯದ ನೋವಿಗಿಂತ ಜಾಸ್ತಿಯೂ ಇರಬಹುದು. ಮೊದಲೇ ಹೇಳಿ: "ತುಂಬಾ ನೋವಾಗುತ್ತೆ ಮಗಾ, ಆದ್ರೂ ಬಿಚ್ಚಲ್ಲ." ಕಟ್ಟಿದ ಸಮಯವನ್ನು ಮಾರ್ಕರ್‌ನಿಂದ ಅವನ ಹಣೆ ಮೇಲೆ ಬರೆಯಿರಿ. ಟೂರ್ನಿಕೆಟ್ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ, ನಮ್ಮ ಕಣ್ಣಿಗೆ ಬೀಳಬೇಕು. ಮತ್ತೆ, ದಾರಿಯಲ್ಲಿ ಸಡಿಲಿಸಬೇಡಿ. ಪಾಪ, ಕಾಲಿಗೆ ಸ್ವಲ್ಪ ರಕ್ತ ಹೋಗಲಿ ಅಂತ ಒಂದು ನಿಮಿಷ ಬಿಟ್ಟರೆ ಅಷ್ಟು ಹೊತ್ತು ಉಳಿಸಿದ್ದ ರಕ್ತ ಆಟೋದ ನೆಲಕ್ಕೆ ಸುರಿಯುತ್ತದೆ. ಬಿಚ್ಚುವುದು ನಮ್ಮ ಕೆಲಸ. ಪಕ್ಕದಲ್ಲಿ ರಕ್ತದ ಬಾಟಲಿ, ಶಸ್ತ್ರಚಿಕಿತ್ಸಕರು ಇದ್ದಾಗ ಮಾತ್ರ ನಾವೂ ಬಿಚ್ಚುತ್ತೇವೆ.

ಅಂಗಡಿಯ ಟೂರ್ನಿಕೆಟ್ ಇಲ್ಲದಿದ್ದರೆ? ನಿಮ್ಮವರು ಮೊದಲು ಕೈಹಾಕುವುದು ಹಗ್ಗಕ್ಕೆ. ಹಗ್ಗ ಬೇಡ, ತಂತಿಯಂತೂ ಬೇಡವೇ ಬೇಡ. ಸಣ್ಣದಾದಷ್ಟೂ ಅದು ಚರ್ಮ, ನರ ಕೊಯ್ಯುತ್ತದೆ, ರಕ್ತ ಮಾತ್ರ ನಿಲ್ಲುವುದಿಲ್ಲ. ಸೊಂಟದ ಬೆಲ್ಟ್ ಕೂಡ ಸಾಕಷ್ಟು ಬಿಗಿಯಾಗುವುದಿಲ್ಲ. ಪಂಚೆಯನ್ನೋ ತೆಳು ಟವೆಲನ್ನೋ ಎರಡು ಇಂಚು ಅಗಲಕ್ಕೆ ಮಡಿಸಿ, ಎರಡು ಸುತ್ತು ಹಾಕಿ ಗಂಟು ಹಾಕಿ. ಗಂಟಿನ ಮೇಲೆ ಮೆಷಿನ್ ಜೊತೆ ಬರುವ ಸ್ಪ್ಯಾನರ್ ಇಟ್ಟು ಇನ್ನೊಂದು ಗಂಟು ಬಿಗಿದು, ಸ್ಪ್ಯಾನರ್ ತಿರುಗಿಸಿ. ರಕ್ತ ನಿಂತ ಮೇಲೆ ಅದು ಹಿಂದಕ್ಕೆ ತಿರುಗದಂತೆ ಇನ್ನೊಂದು ಬಟ್ಟೆಯಿಂದ ಕಾಲಿಗೆ ಕಟ್ಟಿಬಿಡಿ. ಇದು ಮುರಿಯುವ, ಜಾರುವ ಏರ್ಪಾಡು. ಕೈಗೆ ಬೇರೇನೂ ಸಿಗದಾಗ ಮಾತ್ರ.

ಗಾಯಾಳು ಇಪ್ಪತ್ತು ಅಡಿ ಮೇಲಿದ್ದಾಗ ಏನು ಮಾಡುವುದು? ಈ ಪ್ರಶ್ನೆಯನ್ನು ಪ್ರಥಮ ಚಿಕಿತ್ಸೆ ಪಾಠದಲ್ಲಿ ಯಾರೂ ಎತ್ತುವುದಿಲ್ಲ. ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ. ಇಳಿಸಲು ಹತ್ತು ನಿಮಿಷ ಹಿಡಿದರೆ, ಕೆಳಗೆ ಎಷ್ಟು ದೊಡ್ಡ ಬಾಕ್ಸ್ ಇದ್ದರೂ ಏನು ಬಂತು? ಅದಕ್ಕೇ ಒಂದು ಟೂರ್ನಿಕೆಟ್, ಗಾಯವನ್ನು ಒತ್ತಿ ಹಿಡಿಯುವ ಒಂದು ಬ್ಯಾಂಡೇಜ್ ಹತ್ತುವವನ ಸೊಂಟದಲ್ಲೇ ಇರಬೇಕು. ಎರಡರಲ್ಲಿ ಯಾವ ಕೈಗಾದರೂ ಸಿಗುವಂತೆ, ಮುಂದುಗಡೆ, ಕೆಂಪು ಚೀಲದಲ್ಲಿ. ಎಲ್ಲರಿಗೂ ಒಂದೇ ಜಾಗದಲ್ಲಿ. ಒಳ್ಳೆ ಟೂರ್ನಿಕೆಟ್ ಅನ್ನು ಒಂದೇ ಕೈಯಲ್ಲಿ ತನ್ನ ಇನ್ನೊಂದು ತೋಳಿಗೆ ತಾನೇ ಬಿಗಿದುಕೊಳ್ಳಬಹುದು. ಮೆಷಿನ್ ತಾಗಿದ ಕೂಡಲೇ ಅವನು ಮೆಷಿನ್ ಆಫ್ ಮಾಡಿ ಅದನ್ನು ನೇತಾಡಲು ಬಿಡಬೇಕು, ಗಾಯ ಒತ್ತಬೇಕು, ಚಿಮ್ಮುತ್ತಿದ್ದರೆ ಅಲ್ಲೇ ಕಟ್ಟಿಕೊಳ್ಳಬೇಕು. ಇಳಿಯುವುದು ಆಮೇಲೆ. ರಕ್ತ ಹೋಗಿ ತಲೆ ಸುತ್ತುವ ಮುಂಚೆ ಅವನ ಕೈಯಲ್ಲಿರುವುದು ಒಂದೆರಡು ನಿಮಿಷ ಮಾತ್ರ.

ಅವನಿಗೆ ಆಗದಿದ್ದರೆ ಇನ್ನೊಬ್ಬ ಹತ್ತಬೇಕು. ನಿಮ್ಮ ತಂಡದಲ್ಲಿ ಹತ್ತೋಕೆ ಬರುವವರು ಎಷ್ಟು ಜನ? ಒಬ್ಬನೇ ಆದರೆ ಅವನನ್ನು ಹತ್ತಿಸಬೇಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಕೆಲಸ ಶುರುಮಾಡುವ ಮುನ್ನ ಎರಡನೇ ಹಗ್ಗವನ್ನು ಗಟ್ಟಿ ಕವಲಿಗೆ ಹಾಕಿ ಇಟ್ಟಿರಿ. ಎರಡನೆಯವನಿಗೂ ಬೆಲ್ಟ್ ಸಿದ್ಧ ಇರಲಿ. ಕೆಳಗಿನಿಂದ ಇಳಿಸಲು ಬರುವ ಹಾಗೆ ಹಗ್ಗ ಕಟ್ಟಿಕೊಂಡು ಹತ್ತುವುದನ್ನು ಕಲಿಯಿರಿ. ಸೊಂಟಕ್ಕೆ ಸುಮ್ನೆ ಒಂದು ಸುತ್ತು ಹಗ್ಗ ಬಿಗಿದುಕೊಂಡು ಹತ್ತುವುದನ್ನು ನಮ್ಮ ರಸ್ತೆಗಳಲ್ಲಿ ದಿನಾ ನೋಡುತ್ತೇನೆ. ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಹಗ್ಗ ಬೀಳದಂತೆ ಹಿಡಿಯಬಹುದು. ಆದರೆ ಪ್ರಜ್ಞೆ ತಪ್ಪಿದವನನ್ನು ಅದರಿಂದ ಇಳಿಸಲಾಗದು, ನೇತಾಡುತ್ತಾ ಉಸಿರೂ ಕಟ್ಟುತ್ತದೆ. ಹತ್ತಿರ ಕರೆಂಟ್ ತಂತಿ ಇದ್ದರೆ ಲೈನ್ ಆಫ್ ಆಗಿದೆ ಅಂತ ಬೆಸ್ಕಾಂನವರು ಹೇಳುವವರೆಗೆ ಎರಡನೆಯವನು ಹತ್ತಕೂಡದು. ಅವರ ಸಹಾಯವಾಣಿ 1912.

ಒಬ್ಬರು ರಕ್ತ ನಿಲ್ಲಿಸುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. "ಮರ ಕಡಿಯುವ ಮೆಷಿನ್ ತೊಡೆಗೆ ತಾಗಿದೆ, ರಕ್ತ ಚಿಮ್ಮುತ್ತಿದೆ" ಅಂತ ನೇರವಾಗಿ ಹೇಳಿ. ಬರೀ "9ನೇ ಕ್ರಾಸ್" ಅಂದರೆ ಈ ಊರಿನಲ್ಲಿ ಅದು ಬಡಾವಣೆಗೊಂದು ಇದೆ. ಬಡಾವಣೆ, ಬ್ಲಾಕ್, ಮೇನ್, ಹತ್ತಿರದ ದೇವಸ್ಥಾನವೋ ಶಾಲೆಯೋ ಹೇಳಿ. ಕೆಲಸ ಶುರುಮಾಡುವ ಮುನ್ನವೇ ಆ ದಿನದ ವಿಳಾಸವನ್ನು ಬಾಕ್ಸ್ ಮುಚ್ಚಳದ ಒಳಗೆ ಬರೆದಿಡಿ. ಗಾಬರಿಯಲ್ಲಿ ಅದು ಬಾಯಿಗೆ ಬರುವುದಿಲ್ಲ. ಒಬ್ಬರು ಮುಖ್ಯರಸ್ತೆ ತಿರುವಿನಲ್ಲಿ ನಿಂತಿರಲಿ. ಆಂಬುಲೆನ್ಸ್ ತಡ ಅಂತ ಗೊತ್ತಾದರೆ ನಿಮ್ಮ ಟಾಟಾ ಏಸ್ ಆಟೋಗಿಂತ ಮೇಲು. ಹಿಂದೆ ಉದ್ದಕ್ಕೆ ಮಲಗಿಸಬಹುದು, ಪಕ್ಕದಲ್ಲಿ ಕೂತು ಒತ್ತಬಹುದು. ಹತ್ತಿರ ಇರುವುದು ಸಣ್ಣ ನರ್ಸಿಂಗ್ ಹೋಮ್ ಆದರೆ ಅಲ್ಲಿ ನಿಲ್ಲಬೇಡಿ. ಟೂರ್ನಿಕೆಟ್ ಹಿಡಿದಿದೆ ಅಂದರೆ ರಕ್ತನಾಳ ಹೊಲಿಯುವವರು ಇರುವ ಕಡೆಗೇ ಹೋಗಿ. ವಿಕ್ಟೋರಿಯಾ ಆವರಣದ ಟ್ರಾಮಾ ಕೇಂದ್ರ, ಜಯನಗರದ ಸಂಜಯ್ ಗಾಂಧಿ ಟ್ರಾಮಾ ಆಸ್ಪತ್ರೆಯಂಥವು, ಅಥವಾ ದೊಡ್ಡ ಖಾಸಗಿ ಆಸ್ಪತ್ರೆಗಳು. ದಾರಿಯಿಂದಲೇ ಫೋನ್ ಮಾಡಿ ಕೇಳಿಕೊಳ್ಳಿ. ಪೊಲೀಸ್ ಕೇಸ್ ಅಂತ ಹಿಂಜರಿಯಬೇಡಿ. ಪ್ರಾಣ ಉಳಿಸುವ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅದು ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ.

ದಾರಿಯಲ್ಲಿ ನೀರು, ಸೋಡಾ, ಕಾಫಿ ಏನೂ ಕುಡಿಸಬೇಡಿ. ಬಾಯಾರಿಕೆ ಅಂತ ಗೋಗರೆಯುತ್ತಾನೆ, ರಕ್ತ ಹೋದವರಿಗೆ ಹಾಗೇ ಆಗುತ್ತದೆ. ತುಟಿ ಒದ್ದೆ ಮಾಡಿ, ಅಷ್ಟೇ. ಒದ್ದೆ ಅಂಗಿ ತೆಗೆದು ಕಂಬಳಿ ಹೊದಿಸಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಇದು ಬೆಂಗಳೂರಿನ ಬೇಸಿಗೆಯಲ್ಲೂ ನಿಜ. ಕಾಫಿ ಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಚಿಮ್ಮುವ ರಕ್ತದ ಮುಂದೆ ಅವು ನಿಲ್ಲುವುದಿಲ್ಲ, ಆಮೇಲೆ ತೊಳೆಯಲು ನಮಗೆ ಒಂದು ಗಂಟೆ ಹಿಡಿಯುತ್ತದೆ. ಮಚ್ಚಿಗೆ ಬೆರಳು ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

ಬಾಕ್ಸ್ ಬಗ್ಗೆ ಕೇಳಿದ್ದೀರಿ. ಕೆಳಗಿನ ಬಾಕ್ಸ್‌ನಲ್ಲಿ ಎರಡು ಟೂರ್ನಿಕೆಟ್, ಆರು ಗಾಜ್ ಸುರುಳಿ, ಅಗಲವಾದ ನಾಲ್ಕು ಕ್ರೇಪ್ ಬ್ಯಾಂಡೇಜ್, ಕೈಗವಸು, ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ, ಮಾರ್ಕರ್, ಒಂದು ಕಂಬಳಿ. ಇದರಲ್ಲಿ ಟೂರ್ನಿಕೆಟ್ ಬಿಟ್ಟು ಉಳಿದದ್ದೆಲ್ಲ ಬಡಾವಣೆಯ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಟೂರ್ನಿಕೆಟ್ ಕೊಳ್ಳುವಾಗ ಹುಷಾರು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ ನಕಲಿಗಳ ಕಡ್ಡಿ ಬಿಗಿಯುವಾಗಲೇ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಆಸ್ಪತ್ರೆಗಳಿಗೆ ಸಾಮಾನು ಪೂರೈಸುವ ಅಂಗಡಿಯಲ್ಲಿ ಬಿಲ್ ಸಮೇತ ತೆಗೆದುಕೊಳ್ಳಿ. ಅಭ್ಯಾಸಕ್ಕೆ ಒಂದು ಬೇರೆಯೇ ಇಡಿ. ಅದನ್ನು ನಿಮ್ಮ ತೊಡೆಗೆ ಬಿಗಿದು, ಪಾದದ ಮೇಲಿನ ನಾಡಿ ನಿಲ್ಲುತ್ತದಾ ಅಂತ ನೋಡಿ ಕೂಡಲೇ ಬಿಚ್ಚಿ. ಎಷ್ಟು ಬಿಗಿಯಬೇಕು ಅನ್ನುವುದು ಆ ನೋವಿನಿಂದಲೇ ಗೊತ್ತಾಗುವುದು. ಬಾಕ್ಸ್ ಅನ್ನು ಗಾಡಿಯಲ್ಲಿ ಪೆಟ್ರೋಲ್ ಕ್ಯಾನ್ ಕೆಳಗೆ ಹೂತಿಡಬೇಡಿ. ಮರದ ಬುಡದಲ್ಲಿ, ಕೊಂಬೆ ಬೀಳದ ಕಡೆ, ನೆರಳಿನಲ್ಲಿ ಇಡಿ.

ಕೊನೆಗೆ ಹುಡುಗನ ವಿಷಯ. ಗಾಯ ಒಣಗುವುದು ಬೇರೆ, ಹತ್ತಲು ಸಿದ್ಧವಾಗುವುದು ಬೇರೆ. ಪಾದದಲ್ಲಿ ಎಲ್ಲಾದರೂ ಜೋಮು ಇದೆಯಾ, ಪಾದ ಮೇಲಕ್ಕೆತ್ತಲು ಆಗುತ್ತದಾ ಅಂತ ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ತೊಡೆ ಸ್ನಾಯು ತುಂಡಾಗಿದ್ದರೆ ಫಿಸಿಯೋಥೆರಪಿ ತಿಂಗಳುಗಟ್ಟಲೆ ಬೇಕು. ಆ ಒಂದೇ ಕಾಲಿನ ಮೇಲೆ ನಿಂತು ಕುಕ್ಕರಗಾಲಿಗೆ ಇಳಿದು ಎದ್ದೇಳಲು ಬರುವವರೆಗೆ ಕೊಂಬೆ ಮೇಲೆ ಬೇಡ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿ. ಮತ್ತೆ, ಮೆಷಿನ್ ಸದ್ದಿಗೆ ಬೆಚ್ಚುತ್ತಿದ್ದರೆ, ರಾತ್ರಿ ನಿದ್ದೆ ಬರದಿದ್ದರೆ ಅದನ್ನು ಹೇಡಿತನ ಅನ್ನಬೇಡಿ. ಅಷ್ಟು ರಕ್ತ ನೋಡಿದವರಿಗೆ ಹಾಗಾಗುತ್ತದೆ. ಡಾಕ್ಟರಿಗೆ ಅದನ್ನೂ ಹೇಳಿ. ಅಲ್ಲಿಯವರೆಗೆ ಅವನು ಕೆಳಗೆ ನಿಲ್ಲಲಿ, ಹಗ್ಗ ನೋಡಿಕೊಳ್ಳಲಿ. ಬಾಕ್ಸ್ ಅವನ ಕೈಗೇ ಕೊಡಿ. ಉಳಿದ ನಾಲ್ವರಿಗೆ ಬಾಳೆದಿಂಡಿನ ಪಾಠ ಅವನೇ ಮಾಡಲಿ.